ಶೇಂಗಾ ಹಿಂಡಿ ಉಂಡವನು ಪೀನಟ್ ಬಟರ್ ಅಂದ

ನಿಮಗೆ ಹೀಗೆ ಆಗಿದೆಯಾ, ನಿಜ ಹೇಳಿ. ನಿಮ್ಮ ಮನೆಯಲ್ಲಿ ಉಂಡವನು, ನಿಮ್ಮನ್ನು ಬಾಯಿ ತುಂಬ ಅವ್ವ ಅಂತ ಕರೆದವನು, ಮೈಕಿನ ಮುಂದೆ ನಿಂತು "ಆಗ ನನಗೆ ಯಾರೂ ಇರಲಿಲ್ಲ" ಅಂದದ್ದನ್ನು ಕೇಳಿಸಿಕೊಂಡಿದ್ದೀರಾ? ನಾನು ಕೇಳಿಸಿಕೊಂಡೆ. ನೀವೆಲ್ಲ ಆ ವಿಡಿಯೋವನ್ನು ಎಷ್ಟು ಸಲ ಕಳಿಸಿದಿರೋ ಅಷ್ಟು ಸಲವೂ ಕೇಳಿಸಿಕೊಂಡೆ. "ಅಕ್ಕಾ, ಇವನು ನಿಮ್ಮ ಹುಡುಗ ಅಲ್ವಾ? ನೀವು ಊಟ ಹಾಕ್ಲಿಲ್ವಾ?" ಅಂತ ಬರೆದು ಪಕ್ಕದಲ್ಲಿ ನಗುವ ಮುಖ ಬೇರೆ ಹಾಕಿದ್ದಿರಿ. ಹಾಕಿದ್ದೆ ಕಣ್ರೀ. ಏನು ಹಾಕಿದ್ದೆ ಅನ್ನುವುದನ್ನೂ ಹೇಳುತ್ತೇನೆ, ಕೂತುಕೊಳ್ಳಿ.

ಹೊಸಬರಿಗೆ ಮೊದಲಿಂದ ಹೇಳಬೇಕು. ನಮ್ಮ ಮನೆ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರಿನಲ್ಲಿ. ಮಗಳು ಕಾಲೇಜಿಗೆ ಅಂತ ಕ್ಯಾಲಿಫೋರ್ನಿಯಾ ಸೇರಿದ ವರ್ಷ ಮನೆಯಲ್ಲಿ ನಾನು, ನಮ್ಮ ಯಜಮಾನರು, ಇಬ್ಬರ ಲ್ಯಾಪ್‌ಟಾಪು, ಇಷ್ಟೇ ಉಳಿದಿತ್ತು. ನಮ್ಮಲ್ಲಿಂದ ಅರ್ಧ ಗಂಟೆ ಡ್ರೈವ್ ಮಾಡಿದರೆ ಒಂದು ಸಣ್ಣ ಬೇಸ್‌ಬಾಲ್ ಮೈದಾನವಿದೆ. ಅಲ್ಲಿ ಆಡುವ ಟೀಮು ಬೇಸ್‌ಬಾಲ್ ಏಣಿಯ ತೀರಾ ಕೆಳಗಿನ ಮೆಟ್ಟಿಲು. ದೊಡ್ಡ ಟೀಮುಗಳು ಯಾವ ಹುಡುಗರನ್ನು ಬೇಡ ಅಂದವೋ ಅವರು ಅಲ್ಲಿಗೆ ಬರುತ್ತಾರೆ. ಸಂಬಳ ಹೆಸರಿಗೆ ಮಾತ್ರ. ಆದ್ದರಿಂದ ಊರಿನ ಸಂಸಾರಗಳು ಒಬ್ಬೊಬ್ಬ ಆಟಗಾರನನ್ನು ಬೇಸಿಗೆಯ ಮಟ್ಟಿಗೆ ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ. ಹೋಸ್ಟ್ ಫ್ಯಾಮಿಲಿ ಅನ್ನುತ್ತಾರೆ. ಮನೆಯೊಡತಿಗೆ ಹೋಸ್ಟ್ ಮಾಮ್ ಅಂತ ಪಟ್ಟ. ನನ್ನ ಆಫೀಸಿನ ಗೆಳತಿ ಒಬ್ಬಳು ಹೇಳಿದಳು, ನಾನು ಹೂಂ ಅಂದೆ.

ನಮ್ಮ ಯಜಮಾನರು ಧಾರವಾಡದವರು, ನಾನು ಗದಗ ಕಡೆಯವಳು. ಜಗಳ ನಾವು ಅಮೆರಿಕನ್ ಇಂಗ್ಲಿಷಿನಲ್ಲಿ ಆಡುವುದಿಲ್ಲ.

"ಗುರ್ತಿಲ್ಲ, ಪರಿಚಯ ಇಲ್ಲ, ಕರ್ಕೊಂಡ ಬಂದು ಉಣ್ಣಾಕ ಹಾಕ್ತೀ? ಏನ, ಮಠಾ ತಗದೀ ಏನ?" ಅಂದರು.

"ಬೇಸ್‌ಮೆಂಟು ಖಾಲಿ ಐತಿ. ದಿನಾ ನಿಮ್ಮ ಮಾರಿ ಒಂದ ನೋಡ್ಕೋತ ಎಷ್ಟಂತ ಕುಂದರ್ಲಿ?" ಅಂದೆ.

ಮಗಳಿಗೆ ಫೋನ್ ಮಾಡಿದರೆ ಅವಳು, "ಅವ್ವ, ಹೀ ಈಸ್ ನಾಟ್ ಅ ಪಪ್ಪಿ, ಓಕೆ?" ಅಂದು ಇಟ್ಟಳು.

ಹುಡುಗ ಬಂದ. ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಒಂದು ಉದ್ದನೆಯ ಚೀಲ, ಹಳೆಯ ಕಾರು. ಪಿಚರ್ ಅವನು, ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಓಡಿ ಬರುವುದಿಲ್ಲ, ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುತ್ತಾನೆ. ಎಡಗೈಯವನು. ನೀರು ಕೊಟ್ಟರೆ ಎಡಗೈಯಲ್ಲಿ ಇಸಿದುಕೊಂಡ. "ಬಲಗೈಲೆ ತಗೋಳಪಾ" ಅಂತ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಆ ಎಡಗೈಯೇ ಅಲ್ಲವೇ ಅವನನ್ನು ಇಲ್ಲಿವರೆಗೆ ತಂದದ್ದು?

ಆದರೆ ಊಟದ ವಿಷಯದಲ್ಲಿ ಬಿಡಲಿಲ್ಲ. ಆಡಲಿಕ್ಕೆ ಎಡಗೈ, ಊಟಕ್ಕೆ ಬಲಗೈ ಅಂತ ಮೊದಲ ವಾರವೇ ಕಾನೂನು ಮಾಡಿದೆ. ಜೋಳದ ರೊಟ್ಟಿಯನ್ನು ಬಲಗೈಯಲ್ಲಿ ಮುರಿಯಲು ಪರದಾಡಿ, ಪಲ್ಯ ಅಂಗಿಯ ಮೇಲೆ ಚೆಲ್ಲಿಕೊಂಡು, ಮಗುವಿನ ಹಾಗೆ ನಗುತ್ತಿದ್ದ. ಮ್ಯಾಚು ಸಂಜೆ, ಆದ್ದರಿಂದ ಅವನು ಏಳುವುದು ಹನ್ನೊಂದಕ್ಕೆ. ನಾನು ವಾರದಲ್ಲಿ ಎರಡು ದಿನ ಮಾತ್ರ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತಿದ್ದೆ, ಉಳಿದ ದಿನ ಮನೆಯಿಂದಲೇ ಕೆಲಸ. ಮೀಟಿಂಗಿನ ನಡುವೆ ಕ್ಯಾಮೆರಾ ಆಫ್ ಮಾಡಿ ರೊಟ್ಟಿ ತಟ್ಟಿದ್ದೇನೆ. ಶೇಂಗಾ ಹುರಿದು, ಬೆಳ್ಳುಳ್ಳಿ, ಖಾರದ ಪುಡಿ, ಜೀರಿಗೆ ಹಾಕಿ ಕುಟ್ಟಿದ ಪುಡಿಗೆ ನಮ್ಮ ಕಡೆ ಹಿಂಡಿ ಅನ್ನುತ್ತೇವೆ. ಮೊಸರು, ರೊಟ್ಟಿ, ಹಿಂಡಿ ಸಿಕ್ಕರೆ ಅವನಿಗೆ ಮತ್ತೇನೂ ಬೇಡ. ಮೈದಾನಕ್ಕೂ ಡಬ್ಬಿಯಲ್ಲಿ ಒಯ್ಯುತ್ತಿದ್ದ. ಮಗಳು ಫೋನಿನಲ್ಲಿ ನನ್ನನ್ನು ಅವ್ವ ಅನ್ನುವುದು ಕೇಳಿ ತಾನೂ ಅವ್ವ ಅನ್ನತೊಡಗಿದ. ನಾನು ಕೇಳಿರಲಿಲ್ಲ, ಕಲಿಸಿರಲಿಲ್ಲ, ಅವನಾಗಿಯೇ ಕರೆದದ್ದು.

ಅವನ ತಾಯಿ ತೀರಿಕೊಂಡಿದ್ದಳಂತೆ. ತಂದೆ ಬದುಕಿದ್ದಾನೆ, ಆದರೆ ಮಗನ ಒಂದು ಮ್ಯಾಚಿಗೂ ಬಂದವನಲ್ಲವಂತೆ. "ನನಗೆ ಅಪ್ಪ ಇಲ್ಲ ಅಂತಲೇ ಅಂದುಕೊಳ್ಳಿ" ಅಂದಿದ್ದ, ನನ್ನ ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು. ಈ ಮಾತು ನೆನಪಿಟ್ಟುಕೊಳ್ಳಿ.

ಒಂದು ದಿನ ಅವನ ಚೀಲದಿಂದ ಚೆಂಡು ಉರುಳಿ ಅಡುಗೆಮನೆಗೆ ಬಂತು. ಅವನು ಅದನ್ನು ಕಾಲಿನಿಂದ ಒದ್ದು ಚೀಲದ ಕಡೆಗೆ ಕಳಿಸಿದ. ನನ್ನ ಬಾಯಿ ತಾನಾಗಿ ತೆರೆಯಿತು.

"ಏ! ಕಾಲಿಲೆ ಒದೀತಿಯೇನ? ನಿನಗ ಅನ್ನಾ ಕೊಡೋದು ಅದು!"

ಅವನಿಗೆ ಮಾತು ಅರ್ಥವಾಗಲಿಲ್ಲ, ಧ್ವನಿ ಅರ್ಥವಾಯಿತು. ನಾನು ಚೆಂಡು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು ಅವನ ಕೈಗೆ ಕೊಟ್ಟೆ. ಪ್ರಾರ್ಥನೆಯಾ ಅಂತ ಕೇಳಿದ. ಅಲ್ಲ, ತಪ್ಪಾಯಿತು ಅಂತ ಹೇಳುವುದು ಅಂದೆ. ಪುಸ್ತಕಕ್ಕೆ ಕಾಲು ತಾಗಿದರೆ, ಅನ್ನಕ್ಕೆ ಕಾಲು ತಾಗಿದರೆ ನಾವು ಹೀಗೇ ಮಾಡುತ್ತೇವೆ ಅಂದೆ. ಅವನು ಗಂಭೀರವಾಗಿ, ಒಂದು ಕಣ್ಣು, ಇನ್ನೊಂದು ಕಣ್ಣು, ಒತ್ತಿಕೊಂಡ. ಮರುದಿನ ಮೈದಾನದಲ್ಲಿ ದಿಬ್ಬದ ಮೇಲೆ ಹತ್ತಿದವನು ಮೊದಲ ಚೆಂಡು ಎಸೆಯುವ ಮುಂಚೆ ಹಾಗೆಯೇ ಮಾಡಿದ. ಆ ದಿನ ಎದುರಿನವರು ಅವನ ಚೆಂಡಿಗೆ ಕೋಲು ತಾಗಿಸಲಿಕ್ಕೂ ಒದ್ದಾಡಿದರು. ಅಲ್ಲಿಂದ ಮುಂದೆ ಬಿಡಲೇ ಇಲ್ಲ.

ಆಟಗಾರರ ಮನೆಯವರಿಗೆ ಅಂತ ಒಂದು ಸಾಲು ಕುರ್ಚಿ ಇರುತ್ತದೆ, ಬ್ಯಾಟು ಬೀಸುವವನ ಹಿಂಭಾಗದಲ್ಲಿ. ಹೆಂಡಂದಿರು, ಅಮ್ಮಂದಿರು ಕೂರುವ ಜಾಗ. ಆ ಬೇಸಿಗೆ ಅಲ್ಲಿ ನಾನು ಕೂತೆ. ಚೂಡಿದಾರ, ತಲೆಗೆ ಟೀಮಿನ ಟೋಪಿ, ಕೈಯಲ್ಲಿ ಚುರಮುರಿ. ಪಕ್ಕದವರು, "ವಿಚ್ ಒನ್ ಈಸ್ ಯುವರ್ಸ್?" ಅಂತ ಕೇಳಿದರೆ ಕೈ ತೋರಿಸಿ, "ದ ಟಾಲ್ ಒನ್" ಅನ್ನುತ್ತಿದ್ದೆ. ಅದನ್ನೆಲ್ಲ ನಿಮಗೆ ಇಲ್ಲೇ ಬರೆದು ಬರೆದು ತಲೆ ತಿಂದಿದ್ದೇನೆ, ಹಳಬರಿಗೆ ಗೊತ್ತು. ಅವನನ್ನು "ನಮ್ಮ ಹುಡುಗ" ಅನ್ನಲಿಕ್ಕೆ ಶುರು ಮಾಡಿದ್ದೂ ನೀವೇ.

ಜುಲೈನ ಒಂದು ಮಧ್ಯಾಹ್ನ ಊಟ ಮಾಡುತ್ತಾ ಅವನೇ ಮಾತು ತೆಗೆದ. "ಅವ್ವ, ಎಲ್ಲಕ್ಕಿಂತ ಮೇಲಿನ ಲೀಗಿಗೆ ಹೋದ ದಿನ, ಮೊದಲ ಮ್ಯಾಚು, ನೀವು ಫ್ಯಾಮಿಲಿ ಸೀಟಿನಲ್ಲಿ ಇರಬೇಕು. ನೀವಿಲ್ಲದೆ ನಾನು ಎಸೆಯುವುದಿಲ್ಲ."

ನಾನು ಅಂಗೈ ಚಾಚಿದೆ. "ಭಾಷೆ ಕೊಡು." ಕೈ ಮೇಲೆ ಕೈ ಇಡಬೇಕು, ಇಟ್ಟ ಮೇಲೆ ತಪ್ಪಬಾರದು ಅಂತ ವಿವರಿಸಿದೆ. ಬಲಗೈಗೆಲ್ಲ ಮೊಸರು ಮೆತ್ತಿತ್ತು, ಅವನು ಎಡಗೈ ಇಟ್ಟ.

ಯಜಮಾನರು ಪೇಪರಿನ ಹಿಂದಿನಿಂದ, "ಎಡಗೈ ಇಟ್ಟಾನಲ್ಲ, ಅದು ನಡೀತದೇನ?" ಅಂದರು.

"ಅದ ಅವನ ಖರೇ ಕೈರೀ" ಅಂದೆ ನಾನು. ಹುಚ್ಚಿ.

ಆಗಸ್ಟಿನಲ್ಲಿ ಫೋನ್ ಬಂತು. ಒಂದು ದೊಡ್ಡ ಟೀಮಿನವರು ಅವನನ್ನು ತಮ್ಮ ಏಣಿಗೆ ತೆಗೆದುಕೊಂಡಿದ್ದರು. ದೊಡ್ಡ ಟೀಮಿನ ಕೆಳಗೆ ಸಿಂಗಲ್ ಎ, ಡಬಲ್ ಎ, ಟ್ರಿಪಲ್ ಎ ಅಂತ ಮೆಟ್ಟಿಲು, ಎಲ್ಲವನ್ನೂ ಹತ್ತಿ ಹೋದರೆ ಟಿವಿಯಲ್ಲಿ ಕಾಣುವ ಆಟ. ಸಂಜೆಯೇ ನಮ್ಮ ಜೆರ್ಸಿಯ ನ್ಯೂವರ್ಕಿನಿಂದ ವಿಮಾನ. ಕಟ್ಟಿಕೊಡಲು ಒಂದೇ ಮಧ್ಯಾಹ್ನ. ಒಣರೊಟ್ಟಿ, ದೊಡ್ಡ ಡಬ್ಬಿ ಹಿಂಡಿ ಕಟ್ಟಿದೆ. ಬೇಸ್‌ಮೆಂಟಿನಲ್ಲಿ ಅವನು ಹೊದ್ದುಕೊಳ್ಳುತ್ತಿದ್ದ ಕೌದಿಯನ್ನು ಒಯ್ಯಲೇ ಅಂತ ಕೇಳಿದ. ನನ್ನ ತಾಯಿ ಹಳೆಯ ಇಳಕಲ್ ಸೀರೆಗಳನ್ನು ಹರಿದು ಕೈಯಲ್ಲಿ ಹೊಲಿದ ಕೌದಿ ಅದು. ತಾಯಿ ಈಗಿಲ್ಲ. ಕೊಟ್ಟೆ. ನನ್ನನ್ನು ಅಪ್ಪಿ ನೆಲದಿಂದ ಎತ್ತಿಬಿಟ್ಟ, ಈ ವಯಸ್ಸಿನಲ್ಲಿ, ಈ ತೂಕದಲ್ಲಿ! ಕಾರು ಕಾಣದಾದ ಮೇಲೂ ಯಜಮಾನರು ಡ್ರೈವ್‌ವೇಯಲ್ಲಿ ನಿಂತೇ ಇದ್ದರು. ಒಳಗೆ ಬನ್ನಿ ಅಂದರೆ, "ಹುಲ್ಲು ಬೆಳದದ, ನೋಡಾಕತ್ತೀನಿ" ಅಂದರು.

ಆಮೇಲೆ ಅವನು ಹತ್ತಿದ. ನಾನು ಫೋನಿನ ಆ್ಯಪಿನಲ್ಲಿ ಹಿಂಬಾಲಿಸಿದೆ. ಯಾವ ಊರು, ಯಾವ ಮ್ಯಾಚು, ಎಷ್ಟು ಜನ ಔಟು, ಎಲ್ಲ. ಒಂದು ಮೆಟ್ಟಿಲು ಹತ್ತುತ್ತಾನೆ, ಮೊಣಕೈ ನೋವು ಅಂತ ಕೂರುತ್ತಾನೆ, ಮತ್ತೆ ಹತ್ತುತ್ತಾನೆ. ಮೊಣಕೈಯ ಆ ವರ್ಷ ಅವನಿಗಾಗಿ ಹರಕೆ ಹೊತ್ತು ನಾನು ಬಿಟ್ಟ ಸೋಮವಾರದ ಊಟಗಳ ಲೆಕ್ಕ ನನಗೂ ಗೊತ್ತಿಲ್ಲ. ಹಿಂಡಿಯ ಪಾರ್ಸೆಲ್ ಕಳಿಸುತ್ತಿದ್ದೆ. ಮೊದಮೊದಲು ಅವನ ಮೆಸೇಜು ಉದ್ದುದ್ದ ಇರುತ್ತಿತ್ತು. ಆಮೇಲೆ ಒಂದು ಸಾಲು. ಆಮೇಲೆ, ಪಾರ್ಸೆಲ್ ಮುಟ್ಟಿತೇನಪ್ಪಾ ಅಂದರೆ ಒಂದು ಹೆಬ್ಬೆರಳು. ಬಿಜಿ ಇರುತ್ತಾನೆ ಅಂದುಕೊಂಡೆ. ನಮ್ಮ ಮಗಳೂ ಹೆಬ್ಬೆರಳೇ ಕಳಿಸುವುದು, ಅವಳನ್ನು ನಾನು ಹೆತ್ತಿದ್ದೇನೆ.

ಈ ಬೇಸಿಗೆಯ ಒಂದು ಶನಿವಾರ ಬೆಳಿಗ್ಗೆ ಆ್ಯಪು ಟಿಣ್ ಅಂತು. ಅವನನ್ನು ದೊಡ್ಡ ಟೀಮಿಗೆ ಕರೆಸಿದ್ದರು. ಟೀಮು ಎಲ್ಲಿತ್ತು ಗೊತ್ತೇ? ನ್ಯೂಯಾರ್ಕಿನಲ್ಲಿ, ಕ್ವೀನ್ಸಿನಲ್ಲಿ ಆಡಲು ಬಂದಿತ್ತು. ದೇವರು ಅವನನ್ನು ನನ್ನ ಮನೆಯಂಗಳಕ್ಕೇ ತಂದುಬಿಟ್ಟ ಅಂತ ಕೂಗಿಕೊಂಡೆ. "ನಾಳೆ ಅವ್ವ ಬರುತ್ತಾಳೆ" ಅಂತ ಮೆಸೇಜು ಹಾಕಿದೆ. ಒಂದು ಕೆಂಪು ಹೃದಯ ಬಂತು.

ಹೃದಯ ಅಂದರೆ ಟಿಕೆಟ್ಟು ಅಂತ ನಾನು ಓದಿಕೊಂಡೆ. ನೀವಾಗಿದ್ದರೆ ಏನಂತ ಓದುತ್ತಿದ್ದಿರಿ? ಕೈ ಮೇಲೆ ಕೈ ಇಟ್ಟವನ ಹೃದಯ ಅದು.

ಭಾನುವಾರ ಬೆಳಿಗ್ಗೆ ಎದ್ದು ರೊಟ್ಟಿ ತಟ್ಟಿದೆ, ಹಿಂಡಿ ಕುಟ್ಟಿದೆ, ಇಳಕಲ್ ಸೀರೆ ಉಟ್ಟೆ. ಇಲ್ಲಿ ನಿಮಗೆ ಪೋಸ್ಟ್ ಹಾಕಿದೆ: "ಇವತ್ತು ಫ್ಯಾಮಿಲಿ ಸೀಟಿನಿಂದ ಲೈವ್ ಬರುತ್ತೇನೆ." ಪ್ರಿನ್ಸ್‌ಟನ್ ಜಂಕ್ಷನ್ನಿನಿಂದ ಟ್ರೇನು, ಮ್ಯಾನ್‌ಹಟನ್ನಿನಲ್ಲಿ ಬದಲಿಸಿ ಏಳನೇ ನಂಬರಿನ ಟ್ರೇನು. ಸೀರೆಯ ನೆರಿಗೆ ಹಿಡಿದು ನಿಂತ ನನ್ನನ್ನು ನೋಡಿ ಯಜಮಾನರು, "ಮದಿವಿಗೆ ಹೊಂಟಂಗ ಆಗೇದ. ಬೀಗರು ಯಾರು?" ಅಂದರು. ನಕ್ಕೆವು. ಆ ದಿನ ನಾವು ನಕ್ಕದ್ದು ಅಲ್ಲಿಗೆ ಮುಗಿಯಿತು.

ಆಟಗಾರರು ಮನೆಯವರಿಗೆ ಅಂತ ಬಿಟ್ಟ ಟಿಕೆಟ್ಟು ಕೊಡುವ ಕಿಟಕಿಯ ಹುಡುಗಿ ನನ್ನ ಲೈಸೆನ್ಸು ನೋಡಿ, ಕಂಪ್ಯೂಟರು ನೋಡಿ, "ಸಾರಿ ಮ್ಯಾಮ್, ನಿಮ್ಮ ಹೆಸರಲ್ಲಿ ಏನೂ ಇಟ್ಟಿಲ್ಲ" ಅಂದಳು. ಯಜಮಾನರ ಹೆಸರು ಹೇಳಿದೆ. ಇಲ್ಲ. ಹಾಗಾದರೆ ಅವ್ವ ಅಂತ ಇರಬೇಕು ನೋಡಮ್ಮ ಅಂದು, ಅಕ್ಷರ ಬಿಡಿಸಿ ಹೇಳಿದೆ. ಹಿಂದೆ ಸಾಲು ಬೆಳೆಯುತ್ತಿತ್ತು. ಇಲ್ಲ. "ನೀವು ಫ್ಯಾಮಿಲಿನಾ?" ಅಂತ ಕೇಳಿದಳು. ಹೋಸ್ಟ್ ಮಾಮ್ ಅಂದೆ.

ನನ್ನ ಬೆನ್ನ ಹಿಂದಿನಿಂದ ಒಂದು ಧ್ವನಿ, "ಓಹ್, ಮೀ ಟೂ!" ಅಂತು.

ಅರುವತ್ತು ದಾಟಿದ ಬಿಳಿಯ ಹೆಂಗಸು, ಪೆನ್ಸಿಲ್ವೇನಿಯಾದಿಂದ ಬಸ್ಸಿನಲ್ಲಿ ಬಂದವಳು. ಕೈಯಲ್ಲಿ ಫಾಯಿಲ್ ಸುತ್ತಿದ ಬನಾನಾ ಬ್ರೆಡ್ಡು. ಅವನು ಡಬಲ್ ಎ ಆಡುವಾಗ ಆ ಊರಿನಲ್ಲಿ ಇದ್ದ. ಟೀಮೇ ಅಪಾರ್ಟ್‌ಮೆಂಟು ಕೊಟ್ಟಿತ್ತಂತೆ, ಆದರೆ ಊಟ, ಬಟ್ಟೆ ಒಗೆಯುವುದು ಈಕೆಯ ಮನೆಯಲ್ಲಿ. ಈಕೆಯನ್ನು ಮಾಮಾ ಅನ್ನುತ್ತಿದ್ದ. ಮೊದಲ ಮ್ಯಾಚಿಗೆ ಫ್ಯಾಮಿಲಿ ಸೀಟು ಅಂತ ಈಕೆಗೂ ಹೇಳಿದ್ದ. ಈಕೆಯ ಹೆಸರಿನಲ್ಲೂ ಏನೂ ಇರಲಿಲ್ಲ.

ಯಜಮಾನರು ನನ್ನ ಕಿವಿಯಲ್ಲಿ, "ತಗೋ, ನಿನಗೊಬ್ಬಾಕಿ ಸವತಿ ಸಿಕ್ಕಳು" ಅಂದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಮೂವರಿಗೂ ಯಜಮಾನರೇ ಟಿಕೆಟ್ ಕೊಂಡರು, ತೀರಾ ಮೇಲಿನದು. ಅಲ್ಲಿಂದ ಆಟಗಾರರು ಸಾಸಿವೆ ಕಾಳಿನ ಹಾಗೆ ಕಾಣುತ್ತಾರೆ. ಲೈವ್ ಎಲ್ಲಿ ಅಕ್ಕಾ, ಲೈವ್ ಎಲ್ಲಿ ಅಂತ ನೀವು ಕೇಳುತ್ತಿದ್ದಿರಿ. ಸಿಗ್ನಲ್ ಇಲ್ಲ ಅಂತ ಬರೆದು ಫೋನು ಪರ್ಸಿನೊಳಗೆ ಹಾಕಿದೆ.

ಆಟ ಮುಗಿಯಲು ಸ್ವಲ್ಪ ಬಾಕಿ ಇದ್ದಾಗ ಅವನನ್ನು ಕರೆದರು. ದಿಬ್ಬದ ಮೇಲೆ ಹತ್ತಿದ. ನಾನು ಎದ್ದು ನಿಂತೆ. ದೊಡ್ಡ ಪರದೆಯ ಮೇಲೆ ಅವನ ಮುಖ. ಚೆಂಡು ತೆಗೆದುಕೊಂಡ. ಒಂದು ಕಣ್ಣು, ಇನ್ನೊಂದು ಕಣ್ಣು. ಒತ್ತಿಕೊಂಡ.

ನನಗೆ ಅಳು ಉಕ್ಕಿ ಬಂತು. ಸೀಟು ಮರೆತರೂ ಇದನ್ನು ಮರೆತಿಲ್ಲವಲ್ಲ ಅಂತ. ಅಷ್ಟರಲ್ಲಿ ಪಕ್ಕದಿಂದ ಆಕೆ ನನ್ನ ಮೊಣಕೈ ಹಿಡಿದು ಹೇಳಿದಳು, "ನೋಡಿದಿರಾ? ಅದು ಅವನ ಅಜ್ಜ ಕಲಿಸಿದ್ದು. ಹೊಲದಲ್ಲಿ ಮೊದಲ ತೆನೆಯನ್ನು ಹಾಗೇ ಮಾಡುತ್ತಿದ್ದರಂತೆ. ಎಷ್ಟು ಚೆಂದ, ಅಲ್ಲವಾ?"

ನಾನು ಕೂತುಕೊಂಡೆ. ಆಕೆಯ ಮುಖ ನೋಡಿದರೆ ಸುಳ್ಳು ಹೇಳುವವಳಲ್ಲ. ಅವನು ಹೇಳಿದ್ದನ್ನು ಹೇಳುತ್ತಿದ್ದಳು. ಆಕೆಯನ್ನು ಕೇಳಿದೆ, ಅವನ ಹತ್ತಿರ ಒಂದು ಹೊದಿಕೆ ಇತ್ತಾ ಅಂತ. "ಓಹ್, ಬಣ್ಣಬಣ್ಣದ್ದು! ಎಷ್ಟು ಸಲ ಒಗೆದಿದ್ದೇನೆ. ಜೆರ್ಸಿಯಲ್ಲಿ ಯಾರೋ ಒಬ್ಬ ಹೆಂಗಸು ಕೊಟ್ಟದ್ದಂತೆ."

ಯಾರೋ ಒಬ್ಬ ಹೆಂಗಸು.

ಅವನು ಮೂವರನ್ನು ಔಟ್ ಮಾಡಿ ಕೆಳಗಿಳಿದ. ಜನ ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಫ್ಯಾಮಿಲಿ ಸೀಟುಗಳನ್ನು ತೋರಿಸಿದರು. ಒಬ್ಬ ಚೆಂದದ ಹುಡುಗಿ, ಕೋಟು ಹಾಕಿದ ಒಬ್ಬ ಏಜೆಂಟು, ನಡುವೆ ಕಣ್ಣೊರೆಸಿಕೊಳ್ಳುತ್ತಿದ್ದ ಒಬ್ಬ ಎತ್ತರದ ಗಂಡಸು. ಮೂಗು, ಗಲ್ಲ ಎಲ್ಲ ಅವನದೇ. "ಅಪ್ಪ ಇಲ್ಲ ಅಂತಿದ್ನಲ್ಲ?" ಅಂದರು ಯಜಮಾನರು.

ಆಟ ಮುಗಿದ ಮೇಲೆ ಆಕೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೂವರೂ ದಾರಿಯಲ್ಲಿ, ನಮ್ಮ ದೇಶದವರ ಅಂಗಡಿ ಹೋಟೆಲುಗಳಿರುವ ಜ್ಯಾಕ್ಸನ್ ಹೈಟ್ಸಿನಲ್ಲಿ ಟ್ರೇನು ಇಳಿದೆವು. ಎಪ್ಪತ್ತನಾಲ್ಕನೇ ಬೀದಿಯ ಒಂದು ಹೋಟೆಲಿನಲ್ಲಿ ಚಹಾ ಹೇಳಿ ಫೋನು ತೆಗೆದೆ. ನಿಮ್ಮ ಮೆಸೇಜುಗಳು ಒಂದರ ಮೇಲೊಂದು. ಎಲ್ಲರೂ ಕಳಿಸಿದ್ದು ಅದೇ ವಿಡಿಯೋ. ಮೈದಾನದಲ್ಲೇ ನಿಲ್ಲಿಸಿ ಟಿವಿಯವಳು ಕೇಳುತ್ತಾಳೆ, ಈ ದಾರಿ ಹೇಗಿತ್ತು ಅಂತ. ಅವನು ಗಂಟಲು ಸರಿಮಾಡಿಕೊಂಡು ಹೇಳುತ್ತಾನೆ: "ಕಷ್ಟ ಇತ್ತು. ಜೆರ್ಸಿಯಲ್ಲಿ ಗುರುತಿಲ್ಲದವರ ಬೇಸ್‌ಮೆಂಟಿನಲ್ಲಿ ಮಲಗುತ್ತಿದ್ದೆ. ಪೀನಟ್ ಬಟರ್ ತಿಂದು ಬದುಕಿದೆ. ಆಗ ನನಗೆ ಯಾರೂ ಇರಲಿಲ್ಲ. ನಾನು, ನನ್ನ ಎಡಗೈ, ಫೋನಿನಲ್ಲಿ ನಮ್ಮಪ್ಪ, ಅಷ್ಟೇ."

ಆ ಬೇಸ್‌ಮೆಂಟಿಗೆ ಕಾರ್ಪೆಟ್ ಇದೆ ಕಣ್ರೀ. ಹೀಟರ್ ಇದೆ, ಬಾತ್‌ರೂಮ್ ಇದೆ, ಅವನ ಕಾಲು ಹೊರಗೆ ಚಾಚುತ್ತದೆ ಅಂತ ಯಜಮಾನರು ತಾವೇ ಹೋಗಿ ತಂದ ಉದ್ದನೆಯ ಮಂಚ ಇದೆ. ಗುರುತಿಲ್ಲದವರು! ಮೊದಲ ದಿನ ಗುರುತು ಇರಲಿಲ್ಲ, ಒಪ್ಪಿದೆ. ಎರಡನೇ ದಿನದಿಂದ?

ಸೀಟು ಅಪ್ಪನಿಗೆ ಕೊಟ್ಟ, ಕೊಡಲಿ. ರಾಜಿಯಾಗಿರಬಹುದು, ರಕ್ತ ಅಂದರೆ ರಕ್ತ, ನನಗೂ ತಿಳಿಯುತ್ತದೆ. "ಅವ್ವ, ಈ ಸಲ ಸೀಟಿಲ್ಲ" ಅಂತ ಒಂದು ಸಾಲು ಹಾಕಿದ್ದರೆ ನಾನು ಮನೆಯಲ್ಲೇ ಟಿವಿ ಮುಂದೆ ಕುಣಿಯುತ್ತಿದ್ದೆ. ಆದರೆ ನನ್ನ ಮನೆಯಲ್ಲಿ ಉಪವಾಸ ಇದ್ದೆ ಅಂತ ಲೋಕಕ್ಕೆ ಹೇಳಿದನಲ್ಲ, ಅದು ನನಗೆ ಜೀರ್ಣವಾಗುತ್ತಿಲ್ಲ. ಮೇಲೆ ಹತ್ತಿದವನ ಕಥೆಗೆ ಹಸಿವು ಬೇಕಂತೆ. ರೊಟ್ಟಿ ತಟ್ಟಿಕೊಟ್ಟವಳು ಇದ್ದರೆ ಆ ಕಥೆ ನಿಲ್ಲುವುದಿಲ್ಲವಂತೆ. ಹೀಗಂತ ಹೇಳಿದ್ದು ನಮ್ಮ ಮಗಳು. ಅವಳಿಗೆ ಫೋನ್ ಮಾಡಿ ಅತ್ತಾಗ, "ಅವ್ವ, ದೇ ಆಲ್ ಸೇ ಮಾಮ್. ಇಟ್ಸ್ ಲೈಕ್ ಸೇಯಿಂಗ್ ಕೋಚ್" ಅಂದಳು. ಇರಬಹುದು. ನಮ್ಮಲ್ಲಿ ಆ ಮಾತನ್ನು ಹಾಗೆ ಬಳಸುವುದಿಲ್ಲ. ಕರೆದರೆ ಮುಗಿಯಿತು, ಸಾಯುವವರೆಗೆ ನೀನು ಅವಳ ಮಗ.

ಪೆನ್ಸಿಲ್ವೇನಿಯಾದ ಹೆಂಗಸೂ ವಿಡಿಯೋ ನೋಡಿದಳು. "ನಾನು ಆ ಕಥೆಯಲ್ಲಿ ಬೇಸ್‌ಮೆಂಟೂ ಅಲ್ಲ" ಅಂದಳು. ಆಮೇಲೆ ಬನಾನಾ ಬ್ರೆಡ್ಡಿನ ಫಾಯಿಲ್ ಬಿಚ್ಚಿದಳು. ನಾನು ರೊಟ್ಟಿಯ ಡಬ್ಬಿ ಬಿಚ್ಚಿದೆ. ಹೋಟೆಲಿನವನು ಹೊರಗಿನ ತಿಂಡಿ ತಿನ್ನಬಾರದು ಅನ್ನಲು ಬಂದವನು ನಮ್ಮ ಮುಖ ನೋಡಿ ಎರಡು ತಟ್ಟೆ ತಂದಿಟ್ಟು ಹೋದ. ಹುಡುಗನಿಗಾಗಿ ತಂದದ್ದನ್ನು ನಾವೇ ತಿಂದೆವು. ಆಕೆ ಹಿಂಡಿಯನ್ನು ಬೆರಳಿನಿಂದ ನೆಕ್ಕಿ, ಕಣ್ಣಲ್ಲಿ ನೀರು ಬಂದು, ಖಾರ ಅಂದಳು. ಖಾರಕ್ಕೋ ಯಾತಕ್ಕೋ. ಉಳಿದ ಹಿಂಡಿಯನ್ನು ಡಬ್ಬಿಯ ಸಮೇತ ಆಕೆಗೇ ಕೊಟ್ಟೆ.

ಬುಧವಾರ ಅವನ ಮೆಸೇಜು ಬಂತು. "ಅವ್ವ!!! ಮ್ಯಾಚು ನೋಡಿದಿರಾ? ಸಾರಿ, ಹುಚ್ಚು ಹಿಡಿಯುವಷ್ಟು ಬಿಜಿ. ಇಲ್ಲಿನ ಊಟ ಸೇರುತ್ತಿಲ್ಲ. ಆ ಪುಡಿ ಕಳಿಸುತ್ತೀರಾ? ತುಂಬಾ ಮಿಸ್ ಮಾಡಿಕೊಳ್ಳುತ್ತಿದ್ದೇನೆ." ಕೆಳಗೆ ಹೋಟೆಲಿನ ವಿಳಾಸ. ಮತ್ತೆ ಒಂದು ಹೃದಯ.

ಯಜಮಾನರಿಗೆ ತೋರಿಸಿದೆ. ಮಠ ತೆಗೆದಿದ್ದೀಯಾ ಅಂದಿದ್ದ ಅದೇ ಮನುಷ್ಯ ಈಗ, "ಕಳಿಸಿಬಿಡು. ಹಸದಿರ್ತಾನ ಹುಡುಗ" ಅಂದರು.

"ನಿಮಗ ನಾಚಿಕಿ ಇಲ್ಲೇನ್ರೀ?" ಅಂದೆ.

"ಅಂವಗಿಲ್ಲ. ನಮಗ್ಯಾಕ?" ಅಂದರು.

ನಾನು ಕಳಿಸಲಿಲ್ಲ. ಇಂಡಿಯನ್ ಅಂಗಡಿಯಿಂದ ತಂದ ಶೇಂಗಾ ಚೀಲ ಅಡುಗೆಮನೆಯಲ್ಲೇ ಇದೆ, ಬಿಚ್ಚಿಲ್ಲ. ಅವನಿಗೆ ಒಂದೇ ಸಾಲು ಬರೆದೆ: "ಪೀನಟ್ ಬಟರ್ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ, ಮಗಾ." ಅವನು ನೋಡಿದ್ದಾನೆ ಅಂತ ಫೋನು ತೋರಿಸುತ್ತಿದೆ. ಹೆಬ್ಬೆರಳೂ ಬಂದಿಲ್ಲ, ಹೃದಯವೂ ಬಂದಿಲ್ಲ.

ಕಾಮೆಂಟಿನಲ್ಲಿ ಅವನಿಗೆ ಬೈಯಬೇಡಿ, ಅದಕ್ಕಲ್ಲ ಬರೆದದ್ದು. ನಿಮ್ಮದನ್ನು ಹೇಳಿ. ನಿಮ್ಮ ಮನೆಯಲ್ಲಿ ಉಂಡು, ನಿಮ್ಮನ್ನು ಅವ್ವ, ಅಕ್ಕ, ಅಣ್ಣ ಅಂದು, ಆಮೇಲೆ ತಮ್ಮ ಕಥೆಯಿಂದ ನಿಮ್ಮನ್ನು ಎತ್ತಿ ಹೊರಗಿಟ್ಟವರು ಯಾರಾದರೂ ಇದ್ದಾರಾ? ಏನು ಉಣಿಸಿದ್ದಿರಿ ಅನ್ನುವುದನ್ನು ಬಿಡದೆ ಬರೆಯಿರಿ. ಇಲ್ಲಾದರೂ ಅದು ದಾಖಲಾಗಲಿ.